ನಾರಾಯಣ ಗಣೇಶ ಚಂದಾವರಕರ

ಶರಾವತಿ ನದಿಯು ಘಟ್ಟದ ಮೇಲಿಂದ ಧುಮ್ಮಿಕ್ಕಿ, ಗೇರುಸೊಪ್ಪೆಯ ಕಾಡುಗಳನ್ನು ದಾಟಿ, ತೆಂಗು ಅಡಿಕೆಗಳ ತೋಟಗಳ ನಡುವೆ ಅಗಲವಾಗಿ ಹರಿದು ಬಂದು ಅರಬ್ಬೀ ಸಮುದ್ರವನ್ನು ಕೂಡುವ ಸ್ಥಳದಲ್ಲಿ ಹೊನ್ನಾವರ ಎಂಬ ಊರಿದೆ. ಅದರ ಉತ್ತರಕ್ಕೆ ಕುಮಟೆ, ದಕ್ಷಿಣಕ್ಕೆ ಭಟ್ಕಳ. ಮೂರೂ ಹಳೆಯ ಬಂದರುಗಳು. ಮೆಣಸು, ಅಕ್ಕಿ, ಹತ್ತಿಗಳನ್ನು ಹೊತ್ತ ನಾವೆಗಳು ಈ ಅಳಿವೆಗಳಿಂದ ಹೊರಟು ದೂರದ ನಾಡುಗಳನ್ನು ಸೇರುತ್ತಿದ್ದವು. ಸರಕಿನಂತೆಯೇ ಈ ತೀರದ ಮಕ್ಕಳೂ ವಿದ್ಯೆಯನ್ನು ಅರಸಿ ಸಮುದ್ರದ ದಾರಿ ಹಿಡಿದ ಕಾಲವೊಂದಿತ್ತು. ಹಾಗೆ ಹೋದವರಲ್ಲಿ ನಾರಾಯಣ ಗಣೇಶ ಚಂದಾವರಕರರು ಬಹಳ ಎತ್ತರಕ್ಕೆ ಏರಿದವರು. ಅವರು ಪತ್ರಕರ್ತರಾಗಿ, ವಕೀಲರಾಗಿ, ರಾಷ್ಟ್ರೀಯ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ, ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿ, ಸಮಾಜ ಸುಧಾರಕರಾಗಿ ಹೆಸರು ಪಡೆದರು. ಒಬ್ಬ ಮನುಷ್ಯನಲ್ಲಿ ಇಷ್ಟು ವೃತ್ತಿಗಳು ಹೇಗೆ ಕೂಡಿದವು, ಕೂಡಿದಾಗ ಅವು ಒಂದನ್ನೊಂದು ಹೇಗೆ ಎಳೆದಾಡಿದವು ಎಂಬುದನ್ನು ತಿಳಿಯುವುದು ವಿದ್ಯಾರ್ಥಿಗಳಿಗೆ ಬಹು ಉಪಯುಕ್ತವಾದುದು.

ಇಂದು ಆ ಮೂರು ಊರುಗಳಲ್ಲಿಯೂ ಕಾಲೇಜುಗಳಿವೆ. ಹೊನ್ನಾವರದಲ್ಲಿ ಎಸ್. ಡಿ. ಎಂ. ಕಾಲೇಜು, ಕುಮಟೆಯಲ್ಲಿ ಡಾ. ಎ. ವಿ. ಬಾಳಿಗಾ ಕಾಲೇಜು, ಭಟ್ಕಳದಲ್ಲಿ ಅಂಜುಮನ್ ಸಂಸ್ಥೆಯ ಕಾಲೇಜುಗಳು ಸಾವಿರಾರು ಮಕ್ಕಳಿಗೆ ವಿದ್ಯೆ ನೀಡಿವೆ. ಪ್ರತಿ ವರ್ಷ ಮಳೆಗಾಲದ ಹೊಸ್ತಿಲಲ್ಲಿ, ಪರೀಕ್ಷೆಯ ಫಲಿತಾಂಶ ಬಂದ ಮೇಲೆ, ಅರ್ಜಿಯ ಹಾಳೆಯನ್ನು ಕೈಯಲ್ಲಿ ಹಿಡಿದ ಹುಡುಗ ಹುಡುಗಿಯರು ಚಿಂತಾಕ್ರಾಂತರಾಗಿ ನಿಲ್ಲುವುದನ್ನು ಎಲ್ಲ ಶಿಕ್ಷಕರೂ ಕಂಡಿರುತ್ತಾರೆ. ವಿಜ್ಞಾನವೋ ಕಲೆಯೋ ವಾಣಿಜ್ಯವೋ? ಮನಸ್ಸು ಒಂದು ಕಡೆಗೆ, ಮನೆಯ ಅಗತ್ಯ ಇನ್ನೊಂದು ಕಡೆಗೆ, ಊರಿನವರ ಮಾತು ಮತ್ತೊಂದು ಕಡೆಗೆ. ಒಂದು ಬಾಗಿಲನ್ನು ತೆರೆದರೆ ಉಳಿದವು ಎಂದೆಂದಿಗೂ ಮುಚ್ಚಿಹೋಗುವುವೆಂಬ ಭಯ ಬೇರೆ. ಈ ಕಳವಳ ಹೊಸದಲ್ಲ. ಸುಮಾರು ನೂರೈವತ್ತು ವರ್ಷಗಳ ಹಿಂದೆ ಹೊನ್ನಾವರದಿಂದ ಹೊರಟ ತರುಣನೂ ಇಂಥದೇ ಕವಲುದಾರಿಯಲ್ಲಿ ನಿಂತಿದ್ದನು.

ನಾರಾಯಣರು 1855ನೆಯ ಇಸವಿಯ ಡಿಸೆಂಬರ 2ರಂದು ಹೊನ್ನಾವರದಲ್ಲಿ ಹುಟ್ಟಿದರು. ತಂದೆಯ ಹೆಸರು ಗಣೇಶ. ಹೊನ್ನಾವರ ಕುಮಟೆಗಳ ನಡುವಿನ ಚಂದಾವರ ಎಂಬ ಹಳೆಯ ಊರಿನ ಹೆಸರನ್ನೇ ಅವರ ಮನೆತನವು ತನ್ನ ಅಡ್ಡಹೆಸರಾಗಿ ಧರಿಸಿತ್ತು. ಚಿತ್ರಾಪುರ ಸಾರಸ್ವತರೆಂಬ ಸಣ್ಣ ಸಮುದಾಯಕ್ಕೆ ಸೇರಿದ ಕುಟುಂಬ ಅದು. ಭಟ್ಕಳ ತಾಲ್ಲೂಕಿನ ಶಿರಾಲಿಯಲ್ಲಿರುವ ಮಠವು ಆ ಸಮುದಾಯದ ಗುರುಪೀಠ. ಜಮೀನು ಇದ್ದವರು ಕಡಿಮೆ. ಲೆಕ್ಕ ಬರೆಯುವುದು, ಸರಕಾರಿ ಕಚೇರಿಗಳಲ್ಲಿ ದುಡಿಯುವುದು ಅವರಲ್ಲಿ ಅನೇಕರ ಜೀವನೋಪಾಯ. ಆದಕಾರಣ ಓದು ಬರಹಗಳೇ ಅಂಥ ಮನೆಗಳ ಆಸ್ತಿಯಾಗಿದ್ದವು.

ನಾರಾಯಣರು ಬಾಲಕರಾಗಿದ್ದಾಗ ಅವರ ನಾಡಿನ ಹಣೆಬರಹವನ್ನೇ ಬದಲಿಸಿದ ಘಟನೆಯೊಂದು ನಡೆಯಿತು. ಅಲ್ಲಿಯವರೆಗೆ ಕನ್ನಡ ಜಿಲ್ಲೆಯೆಲ್ಲವೂ ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಜಿಲ್ಲೆಯನ್ನು ಉತ್ತರ ದಕ್ಷಿಣವೆಂದು ಎರಡಾಗಿ ಸೀಳಿದ ಸರಕಾರವು 1862ರಲ್ಲಿ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಕೊಟ್ಟಿತು. ಇದಕ್ಕೆ ಕಾರಣ ಹತ್ತಿ. ಧಾರವಾಡದ ಕಪ್ಪು ನೆಲದಲ್ಲಿ ಬೆಳೆದ ಹತ್ತಿಯು ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರಿಗೆ ಬಂದು, ಅಲ್ಲಿಂದ ಹಡಗೇರಿ ಮುಂಬಯಿಗೆ ಹೋಗುತ್ತಿದ್ದಿತು. ಆ ತಳಿಗೆ ಪೇಟೆಯಲ್ಲಿ ಕುಮಟಾ ಹತ್ತಿಯೆಂದೇ ಹೆಸರು. ಅಮೆರಿಕದಲ್ಲಿ 1861ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ನಮ್ಮ ಹತ್ತಿಗೆ ಚಿನ್ನದ ಬೆಲೆ ಬಂದಿತು. ಹತ್ತಿ ಬೆಳೆಯುವ ನಾಡೂ ಅದನ್ನು ಸಾಗಿಸುವ ಬಂದರೂ ಒಂದೇ ಆಡಳಿತದಲ್ಲಿರಬೇಕೆಂದು ವ್ಯಾಪಾರಿಗಳು ಸರಕಾರವನ್ನು ಒತ್ತಾಯಿಸುತ್ತಿದ್ದರು. ಹೀಗೆ ವ್ಯಾಪಾರದ ಹಿತಕ್ಕಾಗಿ ಎಳೆದ ಗೆರೆಯು ಒಬ್ಬ ಆರು ವರ್ಷದ ಬಾಲಕನ ದಾರಿಯನ್ನೂ ತಿರುಗಿಸಿತು. ಅವನು ಮದರಾಸಿನ ಕಡೆಗೆ ನೋಡಬೇಕಾಗಿದ್ದವನು ಮುಂಬಯಿಯ ಕಡೆಗೆ ನೋಡಿದನು. ಮನುಷ್ಯನು ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳುವನೆಂದು ಹೇಳುತ್ತೇವೆ. ಆದರೆ ಆರಿಸಿಕೊಳ್ಳುವುದಕ್ಕೆ ಮುಂಚೆಯೇ ಕೆಲವು ದಾರಿಗಳನ್ನು ಕಾಲವು ಹಾಕಿಟ್ಟಿರುತ್ತದೆ.

ನಾರಾಯಣರ ಸೋದರಮಾವ ಶಾಮರಾವ ವಿಠ್ಠಲ ಕೈಕಿಣಿಯವರು ಮುಂಬಯಿಯಲ್ಲಿ ವಕೀಲರಾಗಿದ್ದರು. ತಮ್ಮ ಸಮುದಾಯದ ಬಡ ಮಕ್ಕಳ ವಿದ್ಯೆಗೆ ನೆರವಾದ ಉದಾರಿ, ಸುಧಾರಣೆಯ ಪಕ್ಷಪಾತಿ. ಅವರ ಶಿಷ್ಯರಾದ ಶ್ರೀಪಾದ ಸುಬ್ಬರಾವ ತಾಲ್ಮಕಿಯವರು 1906ರಲ್ಲಿ ಗುರುವಿನ ನೆನಪಿಗಾಗಿ ಸ್ಥಾಪಿಸಿದ ಶಾಮರಾವ ವಿಠ್ಠಲ ಸಹಕಾರಿ ಬ್ಯಾಂಕು ಇಂದಿಗೂ ಆ ಹೆಸರನ್ನು ಉಳಿಸಿದೆ. ಇಂಥ ಮಾವನಿದ್ದ ನಗರಕ್ಕೆ ನಾರಾಯಣರು ವಿದ್ಯಾರ್ಥಿಯಾಗಿ ಬಂದರು. ಆಗ ಕರಾವಳಿಗೆ ರೈಲು ಇರಲಿಲ್ಲ. ಘಟ್ಟದ ಕೆಳಗಿನವರಿಗೆ ಸಮುದ್ರವೇ ಹೆದ್ದಾರಿ; ಪತ್ತೇಮಾರಿಯೋ ಹೊಗೆಹಡಗೋ ಅವರ ವಾಹನ. ತೀರದ ತೆಂಗಿನ ಸಾಲು ಕಣ್ಮರೆಯಾದಂತೆ ತಾಯಿನುಡಿಯೂ ತವರಿನ ಊಟವೂ ಹಿಂದುಳಿದು, ಮುಂದೆ ಗಿರಣಿಗಳ ಹೊಗೆಯ ಮಹಾನಗರವೊಂದು ಎದುರಾಗುತ್ತಿದ್ದಿತು.

ಮುಂಬಯಿ ವಿಶ್ವವಿದ್ಯಾನಿಲಯವು 1857ರಲ್ಲಿ ಸ್ಥಾಪನೆಯಾಗಿದ್ದಿತು. ಅದರ ಮೊದಲ ಬಿ. ಎ. ಪದವೀಧರರು ಹೊರಬಂದುದು 1862ರಲ್ಲಿ. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಂಡಾರಕರ ಅವರು ಆ ಮೊದಲ ತಂಡದವರು. ನಾರಾಯಣರು ಸೇರಿದ ಎಲ್‌ಫಿನ್‌ಸ್ಟನ್ ಕಾಲೇಜು ಆ ವಿದ್ಯಾನಿಲಯದ ಕಣ್ಮಣಿ. ಆಂಗ್ಲ ಮಹಾಕವಿ ವರ್ಡ್ಸ್‌ವರ್ತನ ಮೊಮ್ಮಗ ವಿಲಿಯಂ ವರ್ಡ್ಸ್‌ವರ್ತ್ ಅಲ್ಲಿ ಪ್ರಾಂಶುಪಾಲರಾಗಿದ್ದರು. ಇಂಗ್ಲಿಷ್ ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರ, ಅರ್ಥಶಾಸ್ತ್ರಗಳು ಅಲ್ಲಿಯ ತರುಣರ ಕಣ್ಣೆದುರಿಗೆ ಹೊಸ ಜಗತ್ತನ್ನು ತೆರೆದಿಟ್ಟವು. ಜನರು ತಮ್ಮನ್ನು ತಾವೇ ಆಳಿಕೊಳ್ಳುವ ನಾಡುಗಳಿವೆ ಎಂಬುದನ್ನು ಅವರು ಪುಸ್ತಕಗಳಲ್ಲಿ ಓದಿದರು. ಪುಸ್ತಕವನ್ನು ಮುಚ್ಚಿ ಬೀದಿಗೆ ಬಂದರೆ ಕಾಣುತ್ತಿದ್ದುದು ಪರರಾಜ್ಯ.

ಕಾಲೇಜಿನ ಓದು ಮುಗಿದಾಗ ಅಂದಿನ ಪದವೀಧರನ ಮುಂದೆ ಯಾವ ಯಾವ ದಾರಿಗಳಿದ್ದವು ಎಂಬುದನ್ನು ಇಲ್ಲಿ ನೋಡಬೇಕು. ವೈದ್ಯನಾಗಬೇಕೆಂದವನಿಗೆ 1845ರಲ್ಲಿ ಆರಂಭವಾದ ಗ್ರಾಂಟ್ ವೈದ್ಯಕೀಯ ಕಾಲೇಜು ಇದ್ದಿತು. ಸೇತುವೆ ರಸ್ತೆಗಳನ್ನು ಕಟ್ಟುವವನಿಗೆ ಪುಣೆಯಲ್ಲಿ ಇಂಜಿನಿಯರಿಂಗ್ ವಿದ್ಯೆ ದೊರೆಯುತ್ತಿದ್ದಿತು. ಕಂದಾಯ ಇಲಾಖೆಯನ್ನು ಸೇರಿದವನು ಕಾರಕೂನನಿಂದ ಮೇಲೇರುತ್ತ ಮಾಮಲೇದಾರನಾಗಬಹುದಿತ್ತು. ಎಲ್ಲಕ್ಕಿಂತ ಎತ್ತರದ ಹುದ್ದೆ ಐ. ಸಿ. ಎಸ್. ಅಧಿಕಾರಿಯದು. ಆದರೆ ಅದರ ಪರೀಕ್ಷೆ ನಡೆಯುತ್ತಿದ್ದುದು ಲಂಡನ್ನಿನಲ್ಲಿ. ಸಾಲದುದಕ್ಕೆ ಅದನ್ನು ಬರೆಯುವವರ ಗರಿಷ್ಠ ವಯಸ್ಸನ್ನು 21ರಿಂದ 19ಕ್ಕೆ ಇಳಿಸುವ ನಿರ್ಧಾರವು 1876ರಲ್ಲಿ ಹೊರಬಿದ್ದಿತು. ಪರಭಾಷೆಯಲ್ಲಿ ಓದಿ ಪದವಿ ಪಡೆಯುವಷ್ಟರಲ್ಲಿಯೇ ಇಪ್ಪತ್ತು ದಾಟುತ್ತಿದ್ದ ಭಾರತೀಯ ಹುಡುಗರಿಗೆ ಆ ಬಾಗಿಲು ಮುಚ್ಚಿದಂತೆಯೇ ಆಯಿತು. ಇನ್ನುಳಿದುವು ಮೂರು: ಅಧ್ಯಾಪನ, ಪತ್ರಿಕೆ, ವಕೀಲಿ.

ಈ ಮೂರೂ ಒಂದಕ್ಕೊಂದು ಬಹು ಭಿನ್ನವಾದವು. ಅಧ್ಯಾಪಕನಿಗೆ ಗೌರವವಿದೆ, ಪುಸ್ತಕಗಳ ಸಹವಾಸವಿದೆ, ಸಂಬಳ ಸ್ವಲ್ಪ. ಪತ್ರಕರ್ತನಿಗೆ ದೇಶದ ವಿಷಯವನ್ನು ನಿರ್ಭಯವಾಗಿ ಬರೆಯುವ ಅವಕಾಶವಿದೆ. ಆದರೆ ನಾಳಿನ ಊಟಕ್ಕೆ ಭರವಸೆಯಿಲ್ಲ, ಸರಕಾರದ ಕೆಂಗಣ್ಣು ಬೇರೆ. ಭಾರತೀಯ ಭಾಷೆಗಳ ಪತ್ರಿಕೆಗಳ ಬಾಯಿಗೆ ಬೀಗ ಹಾಕುವ ಕಾಯಿದೆ 1878ರಲ್ಲಿಯೇ ಬಂದಿತು. ವಕೀಲನಿಗೆ ಹಣವೂ ಸ್ವಾತಂತ್ರ್ಯವೂ ಇವೆ; ಆದರೆ ಕಕ್ಷಿಗಾರನ ಕಾಗದಪತ್ರಗಳಲ್ಲಿಯೇ ಆಯುಷ್ಯ ಸವೆದು, ಮನಸ್ಸಿನ ಬೇರೆ ಆಸೆಗಳು ಬತ್ತಿಹೋಗುವ ಅಪಾಯವಿದೆ.

ನಾರಾಯಣರು ಮೊದಲು ಅಧ್ಯಾಪನದ ರುಚಿಯನ್ನು ಕಂಡರು. ತಾವು ಓದಿದ ಕಾಲೇಜಿನಲ್ಲಿಯೇ ದಕ್ಷಿಣಾ ಫೆಲೋ ಎಂಬ ಸ್ಥಾನ ಅವರಿಗೆ ದೊರೆಯಿತು. ಪೇಶ್ವೆಗಳು ವರ್ಷಕ್ಕೊಮ್ಮೆ ವಿದ್ವಾಂಸರಿಗೆ ಹಂಚುತ್ತಿದ್ದ ದಕ್ಷಿಣೆಯ ಹಣವನ್ನು ಬ್ರಿಟಿಷರು ವಿದ್ಯಾಭ್ಯಾಸಕ್ಕೆ ತಿರುಗಿಸಿದ್ದರು. ಆ ನಿಧಿಯಿಂದ ವೇತನ ಪಡೆದ ಪದವೀಧರರು ಕೆಳಗಿನ ತರಗತಿಗಳಿಗೆ ಪಾಠ ಹೇಳುತ್ತ ತಮ್ಮ ಓದನ್ನು ಮುಂದುವರಿಸಬಹುದಿತ್ತು. ರಾನಡೆಯವರೂ ಹಿಂದೆ ಈ ಸ್ಥಾನದಲ್ಲಿದ್ದವರೇ. ಆದರೆ ಅದು ಕೆಲವು ಕಾಲದ ಆಸರೆ, ಬಾಳಿನ ವೃತ್ತಿಯಲ್ಲ.

ಅಷ್ಟರಲ್ಲಿ ಲೇಖನಿ ಅವರನ್ನು ಕರೆಯಿತು. 1862ರಲ್ಲಿ ಹುಟ್ಟಿದ ಇಂದುಪ್ರಕಾಶ ಎಂಬ ವಾರಪತ್ರಿಕೆಯು ಮರಾಠಿ ಮತ್ತು ಇಂಗ್ಲಿಷ್ ಎರಡು ಭಾಷೆಗಳಲ್ಲಿ ಪ್ರಕಟವಾಗುತ್ತಿದ್ದಿತು. ವಿಧವಾ ವಿವಾಹ, ಸ್ತ್ರೀಶಿಕ್ಷಣ ಮೊದಲಾದ ಸುಧಾರಣೆಗಳನ್ನು ಎತ್ತಿಹಿಡಿದ ಪತ್ರಿಕೆ ಅದು. ಅದರ ಇಂಗ್ಲಿಷ್ ವಿಭಾಗವನ್ನು ಮೊದಲು ನೋಡಿಕೊಂಡವರು ರಾನಡೆ. ಅದೇ ವಿಭಾಗದ ಸಂಪಾದಕತ್ವವು ಇಪ್ಪತ್ತೆರಡು ಇಪ್ಪತ್ತಮೂರರ ಹರೆಯದ ಚಂದಾವರಕರರ ಪಾಲಿಗೆ ಬಂದಿತು. ಸುಮಾರು ಹತ್ತು ವರ್ಷ ಅವರು ಅದನ್ನು ನಿರ್ವಹಿಸಿದರು. ಸರಕಾರದ ನೀತಿಯನ್ನು ತೂಗಿ ನೋಡುವುದು, ಅಂಕಿ ಅಂಶಗಳನ್ನು ಮುಂದಿಟ್ಟು ವಾದಿಸುವುದು, ವಿರೋಧಿಯನ್ನು ಹೀಯಾಳಿಸದೆ ಖಂಡಿಸುವುದು ಅವರ ರೀತಿಯಾಯಿತು.

ಹಾಗಾದರೆ ಅವರು ಪತ್ರಕರ್ತರಾಗಿಯೇ ಉಳಿಯಬಹುದಾಗಿತ್ತಲ್ಲವೆ? ಉಳಿಯಲಿಲ್ಲ. ಪತ್ರಿಕೆಯ ಕೆಲಸವನ್ನು ಕೈಯಲ್ಲಿ ಹಿಡಿದುಕೊಂಡೇ ಅವರು ಕಾನೂನನ್ನು ಓದಿದರು. ಅಂದಿನ ಮುಂಬಯಿಯ ಕಾನೂನು ತರಗತಿಗಳು ದುಡಿಯುವವರಿಗೂ ಓದಲು ಅನುಕೂಲವಾಗಿದ್ದವು. 1881ರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ, ಕಾನೂನು ಪದವಿಯನ್ನು ಪಡೆದು ಉಚ್ಚ ನ್ಯಾಯಾಲಯದಲ್ಲಿ ವಕೀಲಿ ಆರಂಭಿಸಿದರು. ಆದರೆ ಲೇಖನಿಯನ್ನು ಕೆಳಗಿಡಲಿಲ್ಲ. ಹಗಲಿಗೆ ನ್ಯಾಯಾಲಯ, ಉಳಿದ ಹೊತ್ತಿಗೆ ಪತ್ರಿಕೆ. ಇಲ್ಲಿ ಅವರ ಆಯ್ಕೆಯ ರೀತಿಯನ್ನು ಗಮನಿಸಬೇಕು. ಎರಡು ಆಸೆಗಳಲ್ಲಿ ಒಂದನ್ನು ಕೊಂದು ಇನ್ನೊಂದನ್ನು ಉಳಿಸಿಕೊಳ್ಳಲಿಲ್ಲ. ಯಾವುದು ಅನ್ನ ಕೊಡಬಲ್ಲುದೋ ಅದಕ್ಕೆ ಅನ್ನ ಕೊಡುವ ಹೊಣೆಯನ್ನು ಒಪ್ಪಿಸಿದರು. ಹೊಟ್ಟೆಯ ಭಾರ ಇಳಿದಾಗ ಲೇಖನಿ ಯಾರ ಮುಲಾಜಿಗೂ ಒಳಗಾಗಬೇಕಾಗಲಿಲ್ಲ. ಅದೇ ತಲೆಮಾರಿನ ಕಾಶೀನಾಥ ತ್ರ್ಯಂಬಕ ತೆಲಂಗರೂ ಹೀಗೆಯೇ ವಕೀಲಿ ಮತ್ತು ವಿದ್ವತ್ತುಗಳನ್ನು ಜೊತೆಯಾಗಿ ನಡೆಸಿ, ಭಗವದ್ಗೀತೆಯನ್ನು ಇಂಗ್ಲಿಷಿಗೆ ಅನುವಾದಿಸಿ, ಕೊನೆಗೆ ನ್ಯಾಯಾಧೀಶರಾದರು. ಸರಕಾರಿ ಸೇವೆ ಸೇರಿದ ರಾನಡೆಯವರಿಗಾದರೋ ರಾಜಕಾರಣದಲ್ಲಿ ಬಹಿರಂಗವಾಗಿ ನಿಲ್ಲುವ ಸ್ವಾತಂತ್ರ್ಯವಿರಲಿಲ್ಲ. ಈ ಉದಾಹರಣೆಗಳು ಚಂದಾವರಕರರ ಕಣ್ಣೆದುರಿಗೇ ಇದ್ದವು.

ವಕೀಲಿ ಆರಂಭಿಸಿ ನಾಲ್ಕು ವರ್ಷಗಳಾಗುವಷ್ಟರಲ್ಲಿ ಒಂದು ಕಠಿಣ ಪರೀಕ್ಷೆ ಒದಗಿತು. 1885ರ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಮಹಾಚುನಾವಣೆ ನಡೆಯುವುದಿತ್ತು. ಭಾರತದ ಸ್ಥಿತಿಗತಿಗಳನ್ನು ಅಲ್ಲಿಯ ಮತದಾರರ ಮುಂದೆ ಇಡುವುದಕ್ಕಾಗಿ ಮೂವರನ್ನು ಕಳುಹಿಸಲು ಇಲ್ಲಿಯ ಸಾರ್ವಜನಿಕ ಸಂಸ್ಥೆಗಳು ನಿಶ್ಚಯಿಸಿದವು. ಕಲಕತ್ತೆಯಿಂದ ಮನಮೋಹನ ಘೋಷ್, ಮದರಾಸಿನಿಂದ ರಾಮಸ್ವಾಮಿ ಮೊದಲಿಯಾರ್, ಮುಂಬಯಿಯಿಂದ ಚಂದಾವರಕರ. ಇಪ್ಪತ್ತೊಂಬತ್ತರ ಯುವಕನಿಗೆ ಇದು ಮಹಾ ಗೌರವ. ಆದರೆ ಈ ಗೌರವಕ್ಕೆ ತೆರಬೇಕಾದ ಬೆಲೆಯೂ ಇದ್ದಿತು. ಎಳೆಯ ವಕೀಲನು ತಿಂಗಳುಗಟ್ಟಲೆ ನ್ಯಾಯಾಲಯವನ್ನು ಬಿಟ್ಟರೆ ಕಕ್ಷಿಗಾರರು ಬೇರೆಯವರ ಬಳಿಗೆ ಹೋಗುತ್ತಾರೆ. ಅದಕ್ಕಿಂತ ದೊಡ್ಡದು ಜಾತಿಯ ಭಯ. ಸಮುದ್ರವನ್ನು ದಾಟಿ ವಿದೇಶಕ್ಕೆ ಹೋದವರನ್ನು ಪಂಕ್ತಿಯಿಂದ ಹೊರಗಿಡುತ್ತಿದ್ದ ಕಾಲ ಅದು. ಅವರ ಸಮುದಾಯದಲ್ಲಿಯೂ ವಿದೇಶಯಾನದ ಪ್ರಶ್ನೆಯು ಮುಂದೆ ಅನೇಕ ವರ್ಷಗಳವರೆಗೆ ಮಠವನ್ನೂ ಮನೆಗಳನ್ನೂ ಇಬ್ಭಾಗ ಮಾಡಿತು. ಹೊನ್ನಾವರದಿಂದ ಮುಂಬಯಿಗೆ ಕರೆತಂದ ಸಮುದ್ರ ವಿದ್ಯೆಯ ಹಾದಿಯಾಗಿದ್ದಿತು; ಮುಂಬಯಿಯಿಂದ ಮುಂದಕ್ಕೆ ಅದೇ ಸಮುದ್ರ ಬಂಧುಬಳಗವನ್ನು ಕಳೆದುಕೊಳ್ಳುವ ಹಾದಿಯಾಗುವ ಸಂಭವವಿತ್ತು. ಆದರೂ ಅವರು ಹೊರಟರು.

ಇಂಗ್ಲೆಂಡಿನ ನಗರಗಳಲ್ಲಿ ಅವರು ಮಾಡಿದ ಭಾಷಣಗಳನ್ನು ಜನರು ಆದರದಿಂದ ಆಲಿಸಿದರು. ಭಾರತದ ಬಡತನ, ತೆರಿಗೆಯ ಹೊರೆ, ಭಾರತೀಯರಿಗೆ ಉನ್ನತ ಹುದ್ದೆಗಳು ದೊರೆಯದಿರುವಿಕೆ ಮೊದಲಾದ ವಿಷಯಗಳನ್ನು ಆ ಮೂವರೂ ವಿವರಿಸಿದರು. ಅವರು ಮರಳಿ ಮುಂಬಯಿಗೆ ಬಂದಿಳಿದ ವೇಳೆಗೆ ಸರಿಯಾಗಿ, 1885ರ ಡಿಸೆಂಬರ 28ರಂದು, ಗೋಕುಲದಾಸ ತೇಜಪಾಲ ಪಾಠಶಾಲೆಯಲ್ಲಿ ರಾಷ್ಟ್ರೀಯ ಕಾಂಗ್ರೆಸ್ಸಿನ ಮೊದಲ ಅಧಿವೇಶನ ಕೂಡಿದ್ದಿತು. ತಮ್ಮ ಪ್ರವಾಸದ ಅನುಭವಗಳನ್ನು ಚಂದಾವರಕರರು ಇಂಗ್ಲಿಷಿನಲ್ಲಿ ಬರೆದು 1887ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಪತ್ರಕರ್ತನ ಕಣ್ಣು, ವಕೀಲನ ಯುಕ್ತಿ, ದೇಶಭಕ್ತನ ಹೃದಯ ಮೂರಕ್ಕೂ ಆ ಪ್ರವಾಸದಲ್ಲಿ ಕೆಲಸ ದೊರೆತಿದ್ದಿತು. ಬೇರೆ ಬೇರೆಯೆಂದು ತೋರುತ್ತಿದ್ದ ವಿದ್ಯೆಗಳು ಒಂದೇ ಕಾರ್ಯದಲ್ಲಿ ಕೂಡಿಕೊಂಡವು.

ಮುಂದಿನ ಹದಿನೈದು ವರ್ಷಗಳಲ್ಲಿ ಅವರ ವಕೀಲಿ ಬೆಳೆಯಿತು. ಸಾರ್ವಜನಿಕ ಜೀವನದಲ್ಲಿ ಅವರ ಮಾತಿಗೆ ಬೆಲೆ ಬಂದಿತು. ವಾರವಾರವೂ ಪತ್ರಿಕೆಗೆ ಬರೆಯುವ ಕೆಲಸವನ್ನು ಕಾಲಕ್ರಮದಲ್ಲಿ ಬಿಟ್ಟುಕೊಟ್ಟರು. 1900ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ಸೇರಿದ ಕಾಂಗ್ರೆಸ್ಸಿನ ಹದಿನಾರನೆಯ ಅಧಿವೇಶನಕ್ಕೆ ಅವರು ಅಧ್ಯಕ್ಷರಾದರು. ಹೊನ್ನಾವರದ ಅಳಿವೆಯಿಂದ ಹೊರಟ ಹುಡುಗನು ನಲವತ್ತೈದನೆಯ ವಯಸ್ಸಿನಲ್ಲಿ ದೇಶದ ಅತಿ ದೊಡ್ಡ ರಾಜಕೀಯ ಸಭೆಯ ಪೀಠದಲ್ಲಿ ಕುಳಿತನು.

ಅದರ ಬೆನ್ನಿಗೇ ಬಾಳಿನ ಅತ್ಯಂತ ಕಠಿಣವಾದ ಕವಲು ಎದುರಾಯಿತು. ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಾಧೀಶ ಪದವಿಯು ಅವರನ್ನು ಅರಸಿ ಬಂದಿತು. ಭಾರತೀಯರಿಗೆ ಆ ಪೀಠ ದೊರೆಯುವುದೇ ಅಪರೂಪವಾಗಿದ್ದ ದಿನಗಳವು. ತೆಲಂಗರೂ ರಾನಡೆಯವರೂ ಕುಳಿತ ಪೀಠವದು. ಅದನ್ನು ಒಪ್ಪಿದರೆ ರಾಜಕಾರಣವನ್ನು ಬಿಡಬೇಕು. ಬಿಟ್ಟರೆ, ಭಾರತೀಯರು ಉನ್ನತ ಸ್ಥಾನಗಳಿಗೆ ತಕ್ಕವರೆಂದು ತಾವೇ ವಾದಿಸುತ್ತ ಬಂದ ಮಾತಿಗೆ ಸಾಕ್ಷಿಯಾಗುವ ಅವಕಾಶ ತಪ್ಪಿಹೋಗುತ್ತದೆ. ಎರಡನ್ನೂ ಒಟ್ಟಿಗೆ ನಡೆಸುವ ಹಿಂದಿನ ಉಪಾಯ ಇಲ್ಲಿ ನಡೆಯುವಂತಿರಲಿಲ್ಲ. 1901ರಲ್ಲಿ ಚಂದಾವರಕರರು ನ್ಯಾಯಪೀಠವನ್ನು ಏರಿದರು. ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು ಮುಂದಿನ ಹನ್ನೆರಡು ವರ್ಷ ರಾಜಕೀಯದಿಂದ ದೂರ ಉಳಿದರು.

ಆ ವರ್ಷದ ಜನವರಿ 16ರಂದು ರಾನಡೆಯವರು ತೀರಿಕೊಂಡರು. ಅವರು ನಡೆಸುತ್ತಿದ್ದ ಪ್ರಾರ್ಥನಾ ಸಮಾಜದ ಮುಂದಾಳುತನವು ಚಂದಾವರಕರರ ಹೆಗಲಿಗೆ ಬಂದಿತು. ರಾಜಕಾರಣದ ಬಾಗಿಲು ಮುಚ್ಚಿದ್ದರೂ ಸಮಾಜಸೇವೆಯ ಬಾಗಿಲು ತೆರೆದೇ ಇದ್ದಿತು. ನಮ್ಮ ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಅಸ್ಪೃಶ್ಯರೆನಿಸಿಕೊಂಡವರ ವಿದ್ಯೆ ಮತ್ತು ಏಳಿಗೆಗಾಗಿ 1906ರಲ್ಲಿ ಮುಂಬಯಿಯಲ್ಲಿ ಒಂದು ಸಂಸ್ಥೆಯನ್ನು ಆರಂಭಿಸಿದಾಗ ಅದರ ಅಧ್ಯಕ್ಷರಾಗಿ ನಿಂತವರು ಚಂದಾವರಕರರು. ಉಚ್ಚ ನ್ಯಾಯಾಲಯದ ನ್ಯಾಯಾಧೀಶನೊಬ್ಬನು ಆ ಕೆಲಸಕ್ಕೆ ತನ್ನ ಹೆಸರನ್ನು ಕೊಟ್ಟುದು ಅಂದು ಸಣ್ಣ ಸಂಗತಿಯಲ್ಲ. ಮುಂಬಯಿ ವಿಶ್ವವಿದ್ಯಾನಿಲಯದ ಉಪಕುಲಪತಿ ಸ್ಥಾನವನ್ನೂ ಅವರು ಅಲಂಕರಿಸಿದರು. ತಾವು ವಿದ್ಯಾರ್ಥಿಯಾಗಿ ಪ್ರವೇಶಿಸಿದ ವಿದ್ಯಾನಿಲಯದ ಚುಕ್ಕಾಣಿಯನ್ನು ಹಿಡಿದಾಗ, ಯೌವನದಲ್ಲಿ ಕೈಬಿಟ್ಟ ಅಧ್ಯಾಪನದ ಆಸೆಯು ಇನ್ನೊಂದು ರೂಪದಲ್ಲಿ ಕೈಗೂಡಿದಂತಾಯಿತು. 1910ರಲ್ಲಿ ಸರಕಾರವು ಅವರಿಗೆ ಸರ್ ಪದವಿಯನ್ನು ನೀಡಿತು.

ಆದರೆ ಅದೇ 1910 ಅವರ ವೃತ್ತಿಯ ಭಾರವನ್ನೂ ಕಾಣಿಸಿತು. ಹಿಂದಿನ ವರ್ಷದ ಡಿಸೆಂಬರಿನಲ್ಲಿ ನಾಸಿಕದ ಕಲೆಕ್ಟರ್ ಜಾಕ್ಸನ್ನನ ಕೊಲೆಯಾಗಿದ್ದಿತು. ಅದಕ್ಕೆ ಸಂಬಂಧಿಸಿದ ಒಳಸಂಚಿನ ಮೊಕದ್ದಮೆಯನ್ನು ವಿಚಾರಿಸಲು ಮೂವರು ನ್ಯಾಯಾಧೀಶರ ವಿಶೇಷ ಪೀಠವನ್ನು ರಚಿಸಲಾಯಿತು. ಮುಖ್ಯ ನ್ಯಾಯಾಧೀಶ ಬೇಸಿಲ್ ಸ್ಕಾಟ್, ನ್ಯಾಯಾಧೀಶ ಹೀಟನ್ ಇವರ ಜೊತೆಗೆ ಮೂರನೆಯವರಾಗಿ ಕುಳಿತವರು ಚಂದಾವರಕರರು. ವಿನಾಯಕ ದಾಮೋದರ ಸಾವರಕರರಿಗೆ ಜೀವಾವಧಿ ಕರಿನೀರಿನ ಶಿಕ್ಷೆಯನ್ನು ವಿಧಿಸಿದುದು ಆ ಪೀಠವೇ. ಹತ್ತು ವರ್ಷಗಳ ಹಿಂದೆ ರಾಷ್ಟ್ರೀಯ ಸಭೆಯ ಅಧ್ಯಕ್ಷಪೀಠದಲ್ಲಿದ್ದವರು, ದೇಶದ ಬಿಡುಗಡೆಗಾಗಿ ಬೇರೆಯ ಮಾರ್ಗ ಹಿಡಿದ ತರುಣರ ವಿಚಾರಣೆಯನ್ನು ಪರಸರಕಾರದ ಕಾಯಿದೆಯಂತೆ ಮಾಡಬೇಕಾಯಿತು. ಈ ತೀರ್ಪಿಗಾಗಿ ಅವರನ್ನು ಮೆಚ್ಚದವರು ಅನೇಕರಿದ್ದಾರೆ. ಕಾನೂನಿನ ಮಾರ್ಗದಲ್ಲಿಯೇ ದೇಶ ಮುಂದುವರಿಯಬೇಕೆಂಬುದು ಅವರ ಬಾಳಿನುದ್ದಕ್ಕೂ ಇದ್ದ ನಂಬಿಕೆಯೆಂದು ಸಮರ್ಥಿಸುವವರೂ ಇದ್ದಾರೆ. ನಾವು ಯಾವ ಪಕ್ಷವನ್ನು ವಹಿಸಿದರೂ ಒಂದು ಮಾತು ಉಳಿಯುತ್ತದೆ. ಒಂದು ವೃತ್ತಿಯನ್ನು ಆರಿಸಿಕೊಳ್ಳುವಾಗ ಅದರ ಗೌರವ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಅದು ಮುಂದೊಂದು ದಿನ ನಮ್ಮಿಂದ ಏನನ್ನು ಕೇಳುವುದೆಂಬುದು ಆಗ ಕಾಣುವುದಿಲ್ಲ.

1913ರಲ್ಲಿ ಅವರು ನ್ಯಾಯಪೀಠದಿಂದ ಇಳಿದರು. ಇಂದೂರು ಸಂಸ್ಥಾನದ ದಿವಾನಗಿರಿಯನ್ನು ಅಲ್ಪಕಾಲ ನಿರ್ವಹಿಸಿ ಮತ್ತೆ ಮುಂಬಯಿಯ ಸಾರ್ವಜನಿಕ ಜೀವನಕ್ಕೆ ಮರಳಿದರು. ಆದರೆ ಅವರು ಬಿಟ್ಟುಹೋದ ಮನೆ ಅವರಿಗಾಗಿ ಹಾಗೆಯೇ ಕಾದಿರಲಿಲ್ಲ. 1907ರಲ್ಲಿ ಸೂರತ್ತಿನಲ್ಲಿ ಕಾಂಗ್ರೆಸ್ಸು ಒಡೆದಿದ್ದಿತು. ಹೊಸ ತಲೆಮಾರು, ಹೊಸ ಮಾತು, ಹೊಸ ಮಾರ್ಗ. 1918ರಲ್ಲಿ ಕಾಂಗ್ರೆಸ್ಸಿನಿಂದ ಹೊರಬಂದ ಸೌಮ್ಯವಾದಿಗಳು ತಮ್ಮದೇ ಸಮ್ಮೇಳನವನ್ನು ಕಟ್ಟಿಕೊಂಡಾಗ ಚಂದಾವರಕರರು ಸುರೇಂದ್ರನಾಥ ಬ್ಯಾನರ್ಜಿ, ದಿನ್‌ಶಾ ವಾಚಾ ಅವರೊಡನೆ ಅದರ ಮುಂದಾಳುಗಳಾದರು. ಮೂವರೂ ಒಂದು ಕಾಲದಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು. ಈಗ ಪ್ರವಾಹವು ಅವರನ್ನು ದಡದಲ್ಲಿ ಬಿಟ್ಟು ಮುಂದೆ ಹರಿಯುತ್ತಿದ್ದಿತು.

ಹಾಗೆಂದು ಅವರ ಅಂತಃಕರಣ ಮಂಕಾಗಿರಲಿಲ್ಲ. ಜಲಿಯನ್‌ವಾಲಾ ಬಾಗಿನಲ್ಲಿ 1919ರ ಏಪ್ರಿಲ್ 13ರಂದು ನಡೆದ ಹತ್ಯಾಕಾಂಡವನ್ನು ವಿಚಾರಿಸಿದ ಹಂಟರ್ ಸಮಿತಿಯ ವರದಿಯು 1920ರಲ್ಲಿ ಹೊರಬಂದಾಗ ದೇಶವೆಲ್ಲ ಕುದಿಯಿತು. ಆ ವರದಿಯನ್ನು ಪ್ರತಿಭಟಿಸಲು ಮುಂಬಯಿಯಲ್ಲಿ ನೆರೆದ ಸಾರ್ವಜನಿಕ ಸಭೆಗೆ ಅಧ್ಯಕ್ಷರಾದವರು ಈ ನಿವೃತ್ತ ನ್ಯಾಯಾಧೀಶರೇ. ಆ ಸಭೆಯಲ್ಲಿ ಗೊತ್ತುವಳಿಯನ್ನು ಮಂಡಿಸಿದವರು ಗಾಂಧೀಜಿ. ಸರ್ ಪದವಿಯೂ ಸರಕಾರದ ಮನ್ನಣೆಯೂ ಅವರ ಬಾಯನ್ನು ಕಟ್ಟಲಿಲ್ಲ. ಆಡಳಿತ ಸುಧಾರಣೆಗಳ ತರುವಾಯ 1921ರಲ್ಲಿ ರಚಿತವಾದ ಮುಂಬಯಿ ಶಾಸನ ಸಭೆಗೆ ಅವರು ಅಧ್ಯಕ್ಷರಾದರು. ಆ ಸ್ಥಾನದಲ್ಲಿರುವಾಗಲೇ, 1923ರ ಮೇ 14ರಂದು, ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು. ಆಗ ಅವರಿಗೆ ಅರವತ್ತೇಳು ವರ್ಷ. ಕನ್ನಡ ಕರಾವಳಿಯಲ್ಲಿ ಆರಂಭವಾದ ಪಯಣವು ಕನ್ನಡದ ನೆಲದಲ್ಲಿಯೇ ಮುಗಿಯಿತು.

ಚಂದಾವರಕರರ ಜೀವನದಿಂದ ನಾವು ಕಲಿಯಬೇಕಾದುದೇನು? ಅವರು ಏರಿದ ಎತ್ತರಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಅವರು ದಾರಿಯನ್ನು ಆರಿಸಿಕೊಂಡ ಬಗೆಯನ್ನು ನೋಡಬೇಕು. ಮೊದಲನೆಯದಾಗಿ, ಅವರು ಆಯ್ಕೆಯನ್ನು ಮುಂದೂಡುತ್ತ ಕುಳಿತವರಲ್ಲ. ಕೈಗೆ ಬಂದ ಕೆಲಸವನ್ನು ಹಿಡಿದು, ಅದನ್ನು ಮಾಡುತ್ತಲೇ ಮುಂದಿನ ವಿದ್ಯೆಯನ್ನು ಸಂಪಾದಿಸಿದರು. ಎರಡನೆಯದಾಗಿ, ಜೀವನೋಪಾಯವನ್ನು ಅವರು ಕೀಳೆಂದು ತಿಳಿಯಲಿಲ್ಲ. ಅದೇ ಸರ್ವಸ್ವವೆಂದೂ ತಿಳಿಯಲಿಲ್ಲ. ಮೂರನೆಯದು ಇವೆರಡಕ್ಕಿಂತ ಮುಖ್ಯವಾದುದು. ಎಲ್ಲ ಕವಲುಗಳಲ್ಲಿಯೂ ಎರಡು ದಾರಿಗಳನ್ನು ಒಟ್ಟಿಗೆ ನಡೆಯಲು ಸಾಧ್ಯವಿಲ್ಲ. 1881ರಲ್ಲಿ ಅದು ಸಾಧ್ಯವಾಯಿತು, 1901ರಲ್ಲಿ ಆಗಲಿಲ್ಲ. ಆಗ ಒಂದನ್ನು ಬಿಡಲೇಬೇಕಾಯಿತು. ಬಿಟ್ಟುದು ಮತ್ತೆ ಮೊದಲಿನಂತೆ ದೊರೆಯಲಿಲ್ಲ. ಆ ನಷ್ಟವನ್ನು ಅವರು ಅನುಭವಿಸಿದರು. ಆದರೆ ಮುಚ್ಚಿದ ಬಾಗಿಲಿನ ಎದುರು ಅಳುತ್ತ ನಿಲ್ಲದೆ, ತೆರೆದಿದ್ದ ಬಾಗಿಲಿನಿಂದ ಹೊರಗೆ ಬಂದು ದೀನರ ಸೇವೆಗೆ ನಿಂತರು.

ಶರಾವತಿಯನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಜೋಗದ ಬಳಿ ಅದು ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳಾಗಿ ಸೀಳಿ ಬೀಳುತ್ತದೆ. ಕೆಳಗೆ ಬಂದ ಮೇಲೆ ಒಂದೇ ನದಿಯಾಗಿ ಹೊನ್ನಾವರವನ್ನು ಸೇರುತ್ತದೆ. ಎಳೆಯ ವಯಸ್ಸಿನಲ್ಲಿ ಮನಸ್ಸು ಹಲವು ಧಾರೆಗಳಾಗಿ ಹರಿದರೆ ಹೆದರಬೇಕಾಗಿಲ್ಲ. ಅರ್ಜಿಯ ಹಾಳೆಯ ಮೇಲೆ ಬರೆಯುವ ಒಂದು ವಿಷಯದ ಹೆಸರು ಮುಖ್ಯವಾದುದು ನಿಜ. ಆದುದರಿಂದ ಅದನ್ನು ಯೋಚಿಸಿ ಬರೆಯಬೇಕು, ಬರೆದ ಮೇಲೆ ಅದಕ್ಕೆ ದುಡಿಯಬೇಕು. ಆದರೆ ಬಾಳಿನ ಪುಟಗಳೆಲ್ಲ ಆ ಒಂದು ಹಾಳೆಯಲ್ಲಿಯೇ ಮುಗಿದುಹೋಗುವುದಿಲ್ಲ ಎಂಬುದನ್ನು ಹೊನ್ನಾವರದ ನಾರಾಯಣರ ಕಥೆ ನಮಗೆ ತಿಳಿಸಿಕೊಡುತ್ತದೆ.